ಮೂಳೆ ಸೋಂಕು: ಡ್ರಿಪ್ಪೋ ಮಾತ್ರೆಯೋ ಅನ್ನುವ ಜಗಳದ ಹಿಂದೆ ಏನಿದೆ?

ಮೂಳೆಗೆ ಸೋಂಕು ಹತ್ತಿದರೆ ಆರು ವಾರ ಡ್ರಿಪ್. ಹೆಚ್ಚುಕಡಿಮೆ ಐವತ್ತು ವರ್ಷ ಇದೇ ನಿಯಮ ನಡೆದುಕೊಂಡು ಬಂತು. ಈಗ ಆರೋಗ್ಯದ ಸುದ್ದಿ ಓದುವವರಿಗೆ ತಲೆ ಗಿರ್ರೆನ್ನುವ ಹಾಗಾಗಿದೆ. ಒಂದು ಅಧ್ಯಯನ ಮಾತ್ರೆಯೇ ಸಾಕು ಅನ್ನುತ್ತದೆ. ಇನ್ನೊಂದು, ಆರು ವಾರ ಸಾಲದು, ಹನ್ನೆರಡು ಬೇಕು ಅನ್ನುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಸೋಂಕಿಗೆ ಬಂದ ಮಾರ್ಗಸೂಚಿ, ಕೆಲವರಿಗೆ ಮೂರು ವಾರವೇ ಸಾಕು ಎಂದುಬಿಟ್ಟಿದೆ. ಹಾಗಾದರೆ ಇದರಲ್ಲಿ ಯಾವುದನ್ನು ನಂಬೋದು?

ಮೂರೂ ನಿಜವೇ. ಆದರೆ ಮೂರೂ ಬೇರೆ ಬೇರೆ ರೋಗಿಗಳ ಬಗ್ಗೆ ಹೇಳಿದ ಮಾತು. ಅದನ್ನು ಬಿಡಿಸಿ ನೋಡಬೇಕಾದರೆ ಮೊದಲು ಮೂಳೆಯ ಒಳಗೆ ಇಳಿಯಬೇಕು. ಔಷಧ ಯಾವ ದಾರಿಯಲ್ಲಿ ಬಂತು ಅನ್ನುವುದಕ್ಕಿಂತ, ಅದು ಹೋಗಿ ಮುಟ್ಟಬೇಕಾದ ಜಾಗಕ್ಕೆ ಜೀವ ಇದೆಯೋ ಇಲ್ಲವೋ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಮೂಳೆ ಸಾಯುವ ಬಗೆ

ಮೂಳೆ ಅಂದರೆ ಸುಮ್ನೆ ಒಣಗಿದ ಕಡ್ಡಿ ಅಲ್ಲ. ಅದರೊಳಗೆ ರಕ್ತ ಹರಿಯುತ್ತದೆ, ಜೀವಕೋಶಗಳಿರುತ್ತವೆ. ಹಳೆ ಮೂಳೆ ಕರಗಿ ಹೊಸದು ಹುಟ್ಟುತ್ತಲೇ ಇರುತ್ತದೆ. ತೊಂದರೆ ಇರುವುದು ಅದರ ಗಟ್ಟಿತನದಲ್ಲಿ. ಚರ್ಮದ ಕೆಳಗೆ ಕೀವು ತುಂಬಿದರೆ ಆ ಜಾಗ ಊದಿಕೊಳ್ಳುತ್ತದೆ, ಒಡೆದು ಹೊರಗೂ ಬರುತ್ತದೆ. ಮೂಳೆ ಹಾಗೆ ಊದಿಕೊಳ್ಳಲಾರದು. ಒಳಗೆ ಕೀವು ಜಾಸ್ತಿಯಾದ ಹಾಗೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಸಣ್ಣ ರಕ್ತನಾಳಗಳು ಅದುಮಿಕೊಂಡು ಮುಚ್ಚಿಹೋಗುತ್ತವೆ. ಕೀವು ಹೊರಪದರದ ತನಕ ಬಂದರೆ, ಮೂಳೆಗೆ ಅಂಟಿಕೊಂಡಿರುವ ಪೊರೆಯನ್ನು ಎಬ್ಬಿಸುತ್ತದೆ. ಆ ಪೊರೆಯಿಂದ ಬರುತ್ತಿದ್ದ ರಕ್ತವೂ ನಿಲ್ಲುತ್ತದೆ. ಎರಡೂ ಕಡೆಯಿಂದ ರಕ್ತ ತಪ್ಪಿದ ಮೂಳೆಯ ತುಂಡು ಸತ್ತುಹೋಗುತ್ತದೆ.

ಸತ್ತ ಈ ತುಂಡಿಗೆ ವೈದ್ಯರು ಸೀಕ್ವೆಸ್ಟ್ರಮ್ ಅನ್ನುತ್ತಾರೆ. ಇಡೀ ಕಥೆಯ ಗಂಟು ಇರುವುದು ಇಲ್ಲೇ. ಆ್ಯಂಟಿಬಯೋಟಿಕ್ ಮಾತ್ರೆಯಲ್ಲಿ ಬರಲಿ, ಸೂಜಿಯಲ್ಲಿ ಬರಲಿ, ಕೊನೆಗೆ ಪ್ರಯಾಣ ಮಾಡುವುದು ರಕ್ತದಲ್ಲೇ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಅಷ್ಟೇ. ರಕ್ತವೇ ಹೋಗದ ತುಂಡಿಗೆ ಎರಡೂ ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಬೇಕೇ?

ಅಲ್ಲಿ ಅವು ಸುಮ್ಮನೆ ಕೂರುವುದೂ ಇಲ್ಲ. ತಮ್ಮ ಸುತ್ತ ಒಂದು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅಂದರೆ ಇದೇ. ಇದರೊಳಗೆ ಬ್ಯಾಕ್ಟೀರಿಯಾ ನಿಧಾನಕ್ಕೆ, ಅರೆನಿದ್ದೆಯಲ್ಲಿ ಬದುಕುತ್ತವೆ. ತುಂಬ ಆ್ಯಂಟಿಬಯೋಟಿಕ್‌ಗಳು ಕೆಲಸ ಮಾಡುವುದು ಚುರುಕಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳ ಮೇಲೆ. ಹೀಗೆ ಮಲಗಿದವುಗಳನ್ನು ಕೊಲ್ಲಲು ಮಾಮೂಲಿಗಿಂತ ನೂರಾರು ಪಟ್ಟು ಔಷಧ ಬೇಕಾಗಬಹುದು. ರಕ್ತದಲ್ಲಿ ಅಷ್ಟು ಪ್ರಮಾಣ ಇಡುವುದು ಆಗದ ಮಾತು. ಸತ್ತ ಮೂಳೆಯಂತೆಯೇ ಪ್ಲೇಟ್, ಸ್ಕ್ರೂ, ರಾಡ್, ಕೃತಕ ಕೀಲಿನ ಮೈಮೇಲೂ ಈ ಪದರ ಸಲೀಸಾಗಿ ಕೂರುತ್ತದೆ.

ಮೂಳೆ ಸೋಂಕಿಗೆ ಅತಿ ಹೆಚ್ಚು ಕಾರಣವಾಗುವುದು ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. 2017ರಲ್ಲಿ ಇದರ ಬಗ್ಗೆ ಒಂದು ವಿಚಿತ್ರ ಸಂಗತಿ ವರದಿಯಾಯಿತು. ಗಟ್ಟಿ ಮೂಳೆಯಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳಿರುತ್ತವೆ. ಅವುಗಳ ಅಗಲ ಒಂದು ಮೈಕ್ರಾನಿಗೂ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆ. ಈ ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರಾನ್. ಅಂದರೆ ಅದು ಅಲ್ಲಿ ಹಿಡಿಸಲೇಬಾರದು. ಆದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಲಿಯ ಮೂಳೆ ನೋಡಿದಾಗ, ದುಂಡಗಿರಬೇಕಾದ ಬ್ಯಾಕ್ಟೀರಿಯಾ ಮೈಯನ್ನು ಸಣ್ಣಗೆ, ಉದ್ದಕ್ಕೆ ಎಳೆದುಕೊಂಡು ಆ ಕಾಲುವೆಯೊಳಗೆ ನುಗ್ಗಿತ್ತು. ಬಿಳಿ ರಕ್ತಕಣ ಅಲ್ಲಿಗೆ ಬೆನ್ನಟ್ಟಿ ಹೋಗಲಾರದು.

ಸೋಂಕು ಒಳಗೆ ಬರುವ ದಾರಿಗಳು

1970ರಲ್ಲಿ ವಾಲ್ಡ್‌ಫೋಗೆಲ್ ಎಂಬ ವೈದ್ಯರು ಮತ್ತು ಸಂಗಡಿಗರು ಬರೆದ ಲೇಖನಗಳು ಈ ರೋಗವನ್ನು ಮೂರು ಬಗೆಯಾಗಿ ವಿಂಗಡಿಸಿದವು. ಆ ವಿಂಗಡಣೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು ರಕ್ತದ ಮೂಲಕ ಬರುವ ಸೋಂಕು. ಮಕ್ಕಳಲ್ಲಿ ಇದೇ ಜಾಸ್ತಿ. ಬೆಳೆಯುವ ಮೂಳೆಯ ತುದಿಯ ಹತ್ತಿರ ರಕ್ತನಾಳಗಳು ಹೇರ್‌ಪಿನ್ನಿನ ಹಾಗೆ ಬಾಗಿ ಹಿಂದಿರುಗುತ್ತವೆ. ಆ ತಿರುವಿನಲ್ಲಿ ರಕ್ತದ ಓಟ ನಿಧಾನವಾಗುತ್ತದೆ, ತೇಲಿಬಂದ ಬ್ಯಾಕ್ಟೀರಿಯಾ ಅಲ್ಲೇ ತಂಗುತ್ತದೆ. ಹಾಗಾಗಿಯೇ ಮೊಣಕಾಲಿನ ಆಚೀಚೆ ಈ ಸೋಂಕು ಹೆಚ್ಚು. ಮಾತು ಬಾರದ ಮಗು ನೋವು ಅಂತ ಹೇಳುವುದಿಲ್ಲ. ಕಾಲೂರುವುದನ್ನು ನಿಲ್ಲಿಸಿಬಿಡುತ್ತದೆ, ಅಷ್ಟೇ. ದೊಡ್ಡವರಲ್ಲಿ ರಕ್ತದಿಂದ ಬರುವ ಸೋಂಕು ಹೆಚ್ಚಾಗಿ ಬೆನ್ನುಮೂಳೆ ಹಿಡಿಯುತ್ತದೆ.

ಎರಡನೆಯದು ಪಕ್ಕದಿಂದ ಹರಡುವುದು: ಮೂಳೆ ಮುರಿದು ಚರ್ಮ ಸೀಳಿದಾಗ, ಆಪರೇಷನ್ ಆದಾಗ, ಹಾಸಿಗೆ ಹುಣ್ಣು ಆಳಕ್ಕೆ ಇಳಿದಾಗ. ಮೂರನೆಯದು ರಕ್ತದ ಓಟ ಕಮ್ಮಿ ಇರುವ ಕಾಲಿನಲ್ಲಿ ಆಗುವುದು. ಸಕ್ಕರೆ ಕಾಯಿಲೆಯವರ ಪಾದ ಇದರ ದೊಡ್ಡ ಉದಾಹರಣೆ. ನರ ಮಂಕಾಗಿ ಹುಣ್ಣು ಗೊತ್ತೇ ಆಗಿರುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅದು ಮೂಳೆ ಮುಟ್ಟಿರುತ್ತದೆ.

ಪತ್ತೆ ಯಾಕೆ ತಡವಾಗುತ್ತದೆ?

ಬೆನ್ನುನೋವು ಯಾರಿಗಿಲ್ಲ ಹೇಳಿ. ಬೆನ್ನುಮೂಳೆಯ ಸೋಂಕು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯುವುದು ಇದೇ ಕಾರಣಕ್ಕೆ. ಜ್ವರ ಬಂದಿದ್ದರೆ ಅನುಮಾನ ಬರುತ್ತಿತ್ತು. ಆದರೆ ಸುಮಾರು ಅರ್ಧದಷ್ಟು ಮಂದಿಗೆ ಜ್ವರವೇ ಇರುವುದಿಲ್ಲ. ಮಲಗಿದರೂ ಬಿಡದ ನೋವು, ರಾತ್ರಿ ಜಾಸ್ತಿಯಾಗುವ ನೋವು, ಅದರ ಜೊತೆ ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ಹೆಚ್ಚುವ ಪ್ರೊಟೀನ್) ಏರಿಕೆ: ಇವು ಸೇರಿದಾಗ ಎಚ್ಚರ ಬೇಕು.

ಎಕ್ಸ್‌ರೇ ಇಲ್ಲಿ ದಾರಿ ತಪ್ಪಿಸಬಹುದು. ಮೂಳೆಯ ಖನಿಜಾಂಶ ಶೇ. 30ರಿಂದ 50ರಷ್ಟು ಕರಗುವವರೆಗೆ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣುವುದಿಲ್ಲ. ಅಷ್ಟಾಗಲು ಕಡಿಮೆ ಅಂದರೂ ಹತ್ತು ದಿನದಿಂದ ಎರಡು ವಾರ ಬೇಕು. 'ಎಕ್ಸ್‌ರೇ ನಾರ್ಮಲ್' ಅಂದರೆ ಸೋಂಕಿಲ್ಲ ಅಂತ ಅರ್ಥವಲ್ಲ, ಇನ್ನೂ ಕಾಣುತ್ತಿಲ್ಲ ಅಂತ ಅಷ್ಟೇ. ಎಂಆರ್‌ಐ ಕೆಲವೇ ದಿನಗಳಲ್ಲಿ ಮಜ್ಜೆಯ ಊತ ತೋರಿಸುತ್ತದೆ. ಅದರಲ್ಲಿ ಏನೂ ಕಾಣದಿದ್ದರೆ ಮೂಳೆ ಸೋಂಕನ್ನು ಹೆಚ್ಚುಕಡಿಮೆ ಪಕ್ಕಕ್ಕಿಡಬಹುದು. ಆದರೆ ಎಂಆರ್‌ಐಯಲ್ಲಿ ಊತ ಕಂಡ ಮಾತ್ರಕ್ಕೆ ಸೋಂಕೇ ಅನ್ನುವ ಹಾಗಿಲ್ಲ. ನರ ಹಾಳಾದ ಪಾದದಲ್ಲಿ ಕೀಲುಗಳು ಕುಸಿಯುವ ಶಾರ್ಕೋ ಪಾದದಲ್ಲೂ ಥೇಟ್ ಹಾಗೇ ಕಾಣುತ್ತದೆ.

ಪಾದದ ಹುಣ್ಣಿಗೆ ಒಂದು ಹಳೆ ಕಾಲದ್ದೇನೋ ಅನ್ನಿಸುವ ಪರೀಕ್ಷೆ ಇದೆ. ತುದಿ ಮೊಂಡಾದ ಲೋಹದ ಕಡ್ಡಿಯನ್ನು ಶುದ್ಧ ಮಾಡಿ, ಹುಣ್ಣಿನೊಳಗೆ ಮೆಲ್ಲಗೆ ಇಳಿಸುತ್ತಾರೆ. ಮೆತ್ತಗಿನ ಮಾಂಸ ದಾಟಿ ತುದಿ ಗರಗರ ಎಂದು ಗಟ್ಟಿಯಾದದ್ದಕ್ಕೆ ತಗುಲಿದರೆ, ಮೂಳೆ ಸಿಕ್ಕಿತು ಅಂತ ಲೆಕ್ಕ. 1995ರ ಒಂದು ಅಧ್ಯಯನದಲ್ಲಿ ಹೀಗೆ ತಗುಲಿದವರಲ್ಲಿ ಶೇ. 89 ಮಂದಿಗೆ ನಿಜಕ್ಕೂ ಮೂಳೆ ಸೋಂಕಿತ್ತು. ಅವರೆಲ್ಲ ಸೋಂಕು ಜೋರಾಗಿ ಆಸ್ಪತ್ರೆ ಸೇರಿದವರು. ಸಾಧಾರಣ ಹುಣ್ಣಿರುವವರ ಮೇಲೆ 2007ರಲ್ಲಿ ನೋಡಿದಾಗ ಅದು ಶೇ. 57ಕ್ಕೆ ಇಳಿಯಿತು. ಕಡ್ಡಿ ಅದೇ, ಕೈಚಳಕವೂ ಅದೇ. ಪರೀಕ್ಷೆ ಮಾಡಿಸಿಕೊಂಡವರು ಬೇರೆ. ಆದರೆ ಅದೇ 2007ರ ಅಧ್ಯಯನದಲ್ಲಿ ಕಡ್ಡಿಗೆ ಮೂಳೆ ತಗುಲದವರಲ್ಲಿ ಶೇ. 98 ಮಂದಿಗೆ ಸೋಂಕಿರಲಿಲ್ಲ. ಅಂದರೆ ಇಂಥವರಲ್ಲಿ ಈ ಪರೀಕ್ಷೆ 'ಇಲ್ಲ' ಅಂದಾಗ ನಂಬಬಹುದು, 'ಇದೆ' ಅಂದಾಗ ಇನ್ನೊಂದು ಸಲ ಯೋಚಿಸಬೇಕು.

ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೆ ಔಷಧ ಕೊಟ್ಟರೆ

ಚಿಕಿತ್ಸೆ ವಾರಗಟ್ಟಲೆ ನಡೆಯುವುದರಿಂದ ಊಹೆಯ ಮೇಲೆ ಔಷಧ ಆರಿಸುವುದು ದುಬಾರಿ ತಪ್ಪು. ಹುಣ್ಣಿನ ಮೇಲಿಂದ ಹತ್ತಿಯಲ್ಲಿ ಒರೆಸಿ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುವುದು ಸುಲಭ. ಆದರೆ ಮೇಲೆ ಇರುವ ಬ್ಯಾಕ್ಟೀರಿಯಾ ಬೇರೆ, ಮೂಳೆಯೊಳಗೆ ಕೂತಿರುವುದು ಬೇರೆ ಇರಬಹುದು. 1978ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಕೀವು ಸೋರುವ ರಂಧ್ರದಿಂದ ತೆಗೆದ ಮಾದರಿಗಳಲ್ಲಿ ಶೇ. 44ರಲ್ಲಿ ಮಾತ್ರ ಆಪರೇಷನ್ನಿನಲ್ಲಿ ಸಿಕ್ಕ ಅಸಲಿ ಬ್ಯಾಕ್ಟೀರಿಯಾ ಇತ್ತು. ನಾಣ್ಯ ಚಿಮ್ಮಿದರೆ ಇದಕ್ಕಿಂತ ವಾಸಿ!

ಅದಕ್ಕೇ ಮೂಳೆಯ ಚೂರನ್ನೇ ತೆಗೆದು ನೋಡುವ ಬಯಾಪ್ಸಿಗೆ ಅಷ್ಟು ಬೆಲೆ. ಲೋಹ ಕೂರಿಸಿದ ಕಡೆ ಸೋಂಕಾದರೆ ಬೇರೆ ಬೇರೆ ಜಾಗದಿಂದ ಐದಾರು ಮಾದರಿ ತೆಗೆಯುತ್ತಾರೆ. ಒಂದರಲ್ಲಿ ಮಾತ್ರ ಸಿಕ್ಕಿದ್ದು ಚರ್ಮದಿಂದ ಬಂದ ಕಲಬೆರಕೆ ಇರಬಹುದು. ಎರಡರಲ್ಲಿ ಒಂದೇ ಬ್ಯಾಕ್ಟೀರಿಯಾ ಸಿಕ್ಕರೆ ಅದೇ ಕಳ್ಳ ಅನ್ನಬಹುದು.

ಇಲ್ಲೊಂದು ಇಕ್ಕಟ್ಟಿದೆ. ಬಯಾಪ್ಸಿಗೆ ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಹಾಗಾಗಿ ರೋಗಿ ಸ್ಥಿರವಾಗಿದ್ದರೆ ವೈದ್ಯರು ಬೇಕೆಂದೇ ಔಷಧ ತಡೆಹಿಡಿಯುತ್ತಾರೆ. 'ಸೋಂಕಿದೆ ಅಂತೀರಿ, ಔಷಧ ಮಾತ್ರ ಕೊಡಲ್ಲ ಅಂತೀರಿ' ಎಂದು ಮನೆಯವರು ರೇಗುವುದು ಸಹಜ ಅಲ್ವಾ. ಆದರೆ ಆ ಕೆಲವು ದಿನದ ತಾಳ್ಮೆ ಮುಂದಿನ ಆರು ವಾರವನ್ನು ಉಳಿಸುತ್ತದೆ. ಸೋಂಕು ರಕ್ತಕ್ಕೆ ಹರಡಿ ಜೀವಕ್ಕೆ ಅಪಾಯ ಇದ್ದಾಗ, ಅಥವಾ ಬೆನ್ನುಹುರಿ ಒತ್ತಿ ಕಾಲು ಬಲ ಕಳೆದುಕೊಳ್ಳುತ್ತಿರುವಾಗ ಈ ಲೆಕ್ಕಾಚಾರ ಇಲ್ಲ. ಆಗ ತಕ್ಷಣ ಶುರು ಮಾಡಬೇಕು.

ಕ್ಷಯದ ಬಗ್ಗೆ ಒಂದು ಮಾತು. ಬೆನ್ನುಮೂಳೆಯ ಟಿಬಿ ಕೂಡ ಮೂಳೆ ಸೋಂಕೇ. ಅದರ ಬ್ಯಾಕ್ಟೀರಿಯಾ ಬೇರೆ, ಔಷಧ ಬೇರೆ, ಅವಧಿ ತಿಂಗಳುಗಳ ಲೆಕ್ಕ. ಅದಕ್ಕೆ ದಶಕಗಳಿಂದ ಮುಖ್ಯವಾಗಿ ಕೊಡುತ್ತಿರುವುದು ಮಾತ್ರೆಗಳನ್ನೇ. ಮಾತ್ರೆ ಮೂಳೆ ಮುಟ್ಟುವುದಿಲ್ಲ ಅನ್ನುವ ನಂಬಿಕೆ ಅದರ ಪಕ್ಕದಲ್ಲೇ ಹೇಗೆ ಉಳಿದುಕೊಂಡಿತು ಅನ್ನುವುದು ಸೋಜಿಗ.

ಆರು ವಾರದ ಡ್ರಿಪ್ ಎಲ್ಲಿಂದ ಬಂತು?

ಆ 1970ರ ಲೇಖನಗಳಿಂದಲೇ ಈ ರೂಢಿಗೆ ಬಲ ಬಂತು. ವಾಲ್ಡ್‌ಫೋಗೆಲ್ ಮತ್ತು ಸಂಗಡಿಗರು, ಚಿಕಿತ್ಸೆ ಪಡೆದ ರೋಗಿಗಳನ್ನು ಗಮನಿಸಿ, ನಾಳದ ಮೂಲಕ ನಾಲ್ಕರಿಂದ ಆರು ವಾರ ಕೊಟ್ಟರೆ ಒಳ್ಳೆಯದು ಎಂದರು. ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗ ಅದಲ್ಲ. ಆಗ ಬಾಯಲ್ಲಿ ಕೊಡಬಹುದಾದ ಔಷಧಗಳು ಅಂದರೆ ಹೆಚ್ಚಾಗಿ ಪೆನಿಸಿಲಿನ್ ಜಾತಿಯವು. ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಒಂದು ಭಾಗ, ಅದರಲ್ಲಿ ಮೂಳೆಗೆ ಇಳಿಯುವುದು ಇನ್ನೂ ಸಣ್ಣ ಭಾಗ. ಅಂದಿನ ಸಲಹೆ ಅಂದಿಗೆ ತಪ್ಪಲ್ಲ. ಆಪರೇಷನ್ ಆದ ಜಾಗ ಹೊಸ ರಕ್ತನಾಳಗಳಿಂದ ಮುಚ್ಚಿಕೊಳ್ಳಲು ಮೂರ್ನಾಲ್ಕು ವಾರ ಬೇಕು ಅನ್ನುವ ತರ್ಕವೂ ಜೊತೆಗಿತ್ತು.

ಔಷಧಗಳು ಬದಲಾದವು. ಲಿವೊಫ್ಲಾಕ್ಸಸಿನ್, ಲಿನೆಜೊಲಿಡ್‌ನಂಥವು ಬಾಯಲ್ಲಿ ತೆಗೆದುಕೊಂಡರೂ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತ ಸೇರುತ್ತವೆ. ಕ್ಲಿಂಡಾಮೈಸಿನ್, ರಿಫಾಂಪಿಸಿನ್ ಮೂಳೆಗೆ ಚೆನ್ನಾಗಿ ಇಳಿಯುತ್ತವೆ. ಬದಲಾಗದೆ ಉಳಿದದ್ದು ರೂಢಿ.

2019ರಲ್ಲಿ ಏನಾಯಿತು

ಬ್ರಿಟನ್ನಿನ 26 ಕೇಂದ್ರಗಳಲ್ಲಿ ನಡೆದ ಓವಿವಾ ಎಂಬ ಪ್ರಯೋಗದ ಫಲಿತಾಂಶ ಆ ವರ್ಷ ಹೊರಬಂತು. ಮೂಳೆ ಅಥವಾ ಕೀಲಿನ ಸೋಂಕಿದ್ದ 1,054 ವಯಸ್ಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಆರು ವಾರ ಡ್ರಿಪ್. ಇನ್ನೊಂದಕ್ಕೆ, ಶುರುವಿನ ಏಳು ದಿನದೊಳಗೆ ಮಾತ್ರೆಗೆ ಬದಲಾವಣೆ. ಒಂದು ವರ್ಷದಲ್ಲಿ ಚಿಕಿತ್ಸೆ ಸೋತದ್ದು ಡ್ರಿಪ್ ಗುಂಪಿನಲ್ಲಿ ಶೇ. 14.6, ಮಾತ್ರೆ ಗುಂಪಿನಲ್ಲಿ ಶೇ. 13.2. ಅಂದರೆ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ನಾಳಕ್ಕೆ ಹಾಕಿದ ಕೊಳವೆಯಿಂದಾದ ತೊಂದರೆ ಮಾತ್ರ ಡ್ರಿಪ್ ಗುಂಪಿನಲ್ಲಿ ಶೇ. 9.4, ಇನ್ನೊಂದರಲ್ಲಿ ಶೇ. 1.

ಮಕ್ಕಳಲ್ಲಿ ಇದಕ್ಕೂ ಮೊದಲೇ ಸೂಚನೆ ಸಿಕ್ಕಿತ್ತು. ಅಮೆರಿಕದ 36 ಆಸ್ಪತ್ರೆಗಳ 2,060 ಮಕ್ಕಳ ದಾಖಲೆ ನೋಡಿದಾಗ, ಮನೆಗೆ ಹೋದ ಮೇಲೆ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 5, ಉದ್ದ ಕೊಳವೆಯ ಮೂಲಕ ಔಷಧ ಪಡೆದವರಲ್ಲಿ ಶೇ. 6 ಸೋಲು ಕಂಡುಬಂತು. ಕೊಳವೆ ಹಾಕಿಸಿಕೊಂಡ ಮಕ್ಕಳಲ್ಲಿ ಶೇ. 15 ಮಂದಿ ಆ ಕೊಳವೆಯ ತೊಂದರೆಯಿಂದಲೇ ಮತ್ತೆ ಆಸ್ಪತ್ರೆಗೆ ಬರಬೇಕಾಯಿತು.

ಸುದ್ದಿಯಲ್ಲಿ ಎಲ್ಲರೂ ಗಮನಿಸಿದ್ದು ಓವಿವಾದ ಎರಡು ಅಂಕಿಗಳು ಎಷ್ಟು ಹತ್ತಿರ ಇವೆ ಅನ್ನುವುದನ್ನು. ನಿಜಕ್ಕೂ ಗಮನಿಸಬೇಕಾದ್ದು ಅವೆರಡೂ ಎಷ್ಟು ದೊಡ್ಡವು ಅನ್ನುವುದನ್ನು. ಯಾವ ದಾರಿಯಲ್ಲಿ ಔಷಧ ಕೊಟ್ಟರೂ ಏಳು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಚಿಕಿತ್ಸೆ ಫಲ ಕೊಡಲಿಲ್ಲ. ಸೋಲಿನ ಕಾರಣ ಔಷಧದ ದಾರಿಯಲ್ಲಿ ಇಲ್ಲ ಅಂದಮೇಲೆ ಅದನ್ನು ಬೇರೆ ಕಡೆ ಹುಡುಕಬೇಕು.

ಡ್ರಿಪ್ ಬೇಕು ಅನ್ನುವವರ ಮಾತಿನಲ್ಲೂ ಹುರುಳಿದೆ

ಓವಿವಾದಲ್ಲಿದ್ದ ಹೆಚ್ಚಿನವರಿಗೆ ಮೊದಲು ಆಪರೇಷನ್ ಆಗಿತ್ತು. ಸತ್ತ ಮೂಳೆ, ಕೀವು ತೆಗೆದ ಮೇಲೆ ಮಾತ್ರೆ ಕೊಟ್ಟಿದ್ದರು. ರಕ್ತದಲ್ಲೇ ಸ್ಟ್ಯಾಫಿಲೊಕಾಕಸ್ ಆರಿಯಸ್ ಹರಡಿದ್ದವರನ್ನು, ಹೃದಯದ ಕವಾಟಕ್ಕೆ ಸೋಂಕಿದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಮಾತ್ರೆ ಯಾವುದು ಅಂತ ಆರಿಸಿದ್ದು ಸೋಂಕು ತಜ್ಞರು. ಇದನ್ನೆಲ್ಲ ಬಿಟ್ಟು 'ಮಾತ್ರೆ ಸಾಕಂತೆ' ಎಂದು ಯಾವುದೋ ಕ್ಯಾಪ್ಸೂಲ್ ನುಂಗಿದರೆ ಅದು ಆ ಪ್ರಯೋಗದ ಪಾಠ ಅಲ್ಲವೇ ಅಲ್ಲ.

ಮಾತ್ರೆಗಳಿಗೂ ತಮ್ಮದೇ ತಕರಾರುಗಳಿವೆ. ಲಿನೆಜೊಲಿಡ್ ಎರಡು ವಾರ ದಾಟಿದರೆ ಪ್ಲೇಟ್ಲೆಟ್ ಇಳಿಯಬಹುದು. ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಸಿಪ್ರೊಫ್ಲಾಕ್ಸಸಿನ್ ಜಾತಿಯವು ಹಿಮ್ಮಡಿಯ ಸ್ನಾಯುರಜ್ಜುವಿಗೆ ಪೆಟ್ಟು ಕೊಡಬಹುದು. ಅವನ್ನು ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಅಂಟಿಕೊಂಡು ರಕ್ತ ಸೇರುವುದು ಕಡಿಮೆಯಾಗುತ್ತದೆ. ರಿಫಾಂಪಿಸಿನ್ ಬಯೋಫಿಲ್ಮಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ಅದಕ್ಕೆ ಪಳಗಿಬಿಡುತ್ತದೆ. ರಕ್ತ ತೆಳುಮಾಡುವ ಮಾತ್ರೆಗಳಂಥ ಎಷ್ಟೋ ಔಷಧಗಳ ಬಲವನ್ನೂ ಅದು ಕುಗ್ಗಿಸುತ್ತದೆ. ಡ್ರಿಪ್ ಹಾಕುವಾಗ ದಾದಿ ದಿನಾ ರೋಗಿಯನ್ನು ನೋಡುತ್ತಾರೆ, ರಕ್ತ ಪರೀಕ್ಷೆ ತಾನಾಗಿ ಆಗುತ್ತದೆ. ಮನೆಯಲ್ಲಿ ಮಾತ್ರೆ ನುಂಗುವವರಿಗೆ ಆ ಕಣ್ಗಾವಲು ಬೇರೆ ರೀತಿಯಲ್ಲಿ ಸಿಗಬೇಕು. ಮಾತ್ರೆ ತಪ್ಪಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಎಷ್ಟು ವಾರ? ಲೋಹ ಇದೆಯೇ ಎಂದು ಕೇಳಿ

ಫ್ರಾನ್ಸಿನ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟರೆ ಗೊಂದಲ ಅರ್ಧ ಕರಗುತ್ತದೆ. 2015ರಲ್ಲಿ ಪ್ರಕಟವಾದದ್ದು ಬೆನ್ನುಮೂಳೆ ಸೋಂಕಿನ 351 ರೋಗಿಗಳದ್ದು. ಆರು ವಾರ ಕೊಟ್ಟರೂ ಹನ್ನೆರಡು ವಾರ ಕೊಟ್ಟರೂ ಶೇ. 90.9 ಮಂದಿ ಗುಣವಾದರು. ಅಂಕಿ ಎರಡೂ ಕಡೆ ಅದೇ. 2021ರಲ್ಲಿ ಕೃತಕ ಕೀಲಿನ ಸೋಂಕಿದ್ದ 410 ಮಂದಿಯ ಮೇಲೆ ಅದೇ ಪ್ರಶ್ನೆ ಕೇಳಿದರು. ಈ ಸಲ ಆರು ವಾರದ ಗುಂಪಿನಲ್ಲಿ ಶೇ. 18.1 ಮಂದಿಗೆ ಸೋಂಕು ಹೋಗಲಿಲ್ಲ. ಹನ್ನೆರಡು ವಾರದವರಲ್ಲಿ ಅದು ಶೇ. 9.4. ಪ್ರಶ್ನೆ ಅದೇ ಆದರೂ ಉತ್ತರ ತಿರುಗಿತು. ಬೆನ್ನುಮೂಳೆಗೆ ರಕ್ತದ ಓಟ ಚೆನ್ನಾಗಿದೆ. ಲೋಹದ ಕೀಲಿಗೆ ರಕ್ತನಾಳವೇ ಇಲ್ಲ, ಬಯೋಫಿಲ್ಮಿಗೆ ಕೂರಲು ನುಣ್ಣನೆ ಜಗಲಿ ಇದೆ.

2023ರಲ್ಲಿ ಬಂದ ಮಧುಮೇಹ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮೂರು ವಾರವೂ ಇದೇ ತರ್ಕದ್ದು. ಸೋಂಕಿನ ಮೂಳೆಯನ್ನು ಕತ್ತರಿಸಿ ತೆಗೆದು, ಉಳಿದ ಅಂಚಿನಲ್ಲಿ ಇನ್ನೂ ಬ್ಯಾಕ್ಟೀರಿಯಾ ಸಿಕ್ಕವರಿಗೆ ಮೂರು ವಾರದ ತನಕ. ಮೂಳೆ ತೆಗೆಯದೇ ಔಷಧದಲ್ಲೇ ನೋಡುವವರಿಗೆ ಆರು ವಾರ. ಸತ್ತದ್ದನ್ನು ತೆಗೆದಷ್ಟೂ ಔಷಧದ ಕೆಲಸ ಕಡಿಮೆ.

ಚಾಕು ಎಲ್ಲಿಯವರೆಗೆ?

ಹಳೆಯ ಸೋಂಕಿನಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಹೆಚ್ಚಾಗಿ ಆಪರೇಷನ್ ಮೇಜಿನ ಮೇಲೆ. ಸತ್ತ ಮೂಳೆ ಬಿಳಿಚಿಕೊಂಡು ಒಣಗಿದ ಹಾಗಿರುತ್ತದೆ. ಅದನ್ನು ಕೆತ್ತಿದರೆ ಒಂದು ಹನಿ ರಕ್ತ ಬರುವುದಿಲ್ಲ. ಸರ್ಜನ್ ಪದರ ಪದರವಾಗಿ ಕೆತ್ತುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಬಿಳಿ ಮೇಲ್ಮೈಯಲ್ಲಿ ಕೆಂಪು ಚುಕ್ಕೆಗಳು ಒಂದೊಂದಾಗಿ ಮೂಡುತ್ತವೆ, ಮೆಣಸಿನಪುಡಿ ಉದುರಿಸಿದಂತೆ. ಇದಕ್ಕೆ ಪ್ಯಾಪ್ರಿಕಾ ಸೈನ್ ಅಂತಲೇ ಹೆಸರು. ಅಲ್ಲಿಂದಾಚೆ ಮೂಳೆಗೆ ಜೀವ ಇದೆ, ಕೈ ನಿಲ್ಲಿಸಬಹುದು.

ಆಮೇಲೆ ಉಳಿಯುವುದು ಒಂದು ಗುಂಡಿ. ಅದನ್ನು ಖಾಲಿ ಬಿಟ್ಟರೆ ರಕ್ತ, ನೀರು ತುಂಬಿ ಮತ್ತೆ ಸೋಂಕು ಮರಳುತ್ತದೆ. ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ ಬೋನ್ ಸಿಮೆಂಟಿನ ಮಣಿಗಳನ್ನು ಅಲ್ಲಿ ತುಂಬುತ್ತಾರೆ. ರಕ್ತದ ಮೂಲಕ ಎಂದೂ ಸಿಗದಷ್ಟು ಔಷಧ ಅಲ್ಲೇ ಒಸರುತ್ತದೆ. ಡ್ರಿಪ್ಪೂ ಅಲ್ಲದ, ಮಾತ್ರೆಯೂ ಅಲ್ಲದ ಈ ಮೂರನೆಯ ದಾರಿಯ ಬಗ್ಗೆ ಸುದ್ದಿಗಳಲ್ಲಿ ಮಾತೇ ಇಲ್ಲ. ಮೂಳೆಯ ದೊಡ್ಡ ತುಂಡೇ ಹೋಗಿದ್ದರೆ ಇಲಿಜರೋವ್ ವಿಧಾನವಿದೆ. ಕಾಲಿನ ಸುತ್ತ ಉಂಗುರಗಳ ಚೌಕಟ್ಟು ಕಟ್ಟಿ, ಆರೋಗ್ಯವಂತ ಮೂಳೆಯನ್ನು ಕೊಯ್ದು, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಸುತ್ತಾರೆ. ಹಿಂದೆ ಬಿಟ್ಟ ಸಂದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಆರು ಸೆಂಟಿಮೀಟರ್ ಸರಿಸಲು ಎರಡು ತಿಂಗಳು, ಅದು ಗಟ್ಟಿಯಾಗಲು ಅದಕ್ಕಿಂತ ಜಾಸ್ತಿ.

ಎಲ್ಲರೂ ಇದನ್ನು ತಡೆದುಕೊಳ್ಳಲಾರರು. 1985ರ ಸೀರ್ನಿ–ಮೇಡರ್ ವರ್ಗೀಕರಣ ಮೂಳೆಯ ಜೊತೆ ರೋಗಿಯನ್ನೂ ಎ, ಬಿ, ಸಿ ಎಂದು ತೂಗುತ್ತದೆ. ಸಿ ಅಂದರೆ ರೋಗಕ್ಕಿಂತ ಚಿಕಿತ್ಸೆಯೇ ಹೆಚ್ಚು ಕಷ್ಟ ಕೊಡುವಂಥವರು. ಅವರಿಗೆ ಸೋಂಕನ್ನು ಬೇರುಸಹಿತ ಕೀಳುವ ಬದಲು ಮಾತ್ರೆಯಲ್ಲಿ ಅದುಮಿ ಇಡುವುದೂ ಒಂದು ಸರಿಯಾದ ತೀರ್ಮಾನವೇ.

ಗುಣವಾಯ್ತು ಅಂತ ಯಾವಾಗ ಹೇಳೋದು?

ಸಿಆರ್‌ಪಿ ಬೇಗ ಇಳಿಯುತ್ತದೆ, ಉರಿಯೂತ ಅಳೆಯುವ ಇನ್ನೊಂದು ರಕ್ತ ಪರೀಕ್ಷೆಯಾದ ಇಎಸ್‌ಆರ್ ವಾರಗಟ್ಟಲೆ ಎಳೆಯುತ್ತದೆ. ನೋವು ಕಡಿಮೆಯಾಗಿ ಸಿಆರ್‌ಪಿಯೂ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಎಂಆರ್‌ಐ ಮಾತ್ರ ಹಿಂದೆ ಬೀಳುತ್ತದೆ. ರೋಗಿ ಎದ್ದು ಓಡಾಡುತ್ತಿದ್ದರೂ ಫಿಲ್ಮಿನಲ್ಲಿ ಮೂಳೆ ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಚೆನ್ನಾಗಿ ಚೇತರಿಸಿಕೊಳ್ಳುತ್ತಿರುವವರಿಗೆ ಮತ್ತೆ ಮತ್ತೆ ಎಂಆರ್‌ಐ ಬೇಡ ಅನ್ನುವುದು ಅದಕ್ಕೇ.

ಓವಿವಾ ಒಂದು ವರ್ಷ ನೋಡಿತು, ಕೃತಕ ಕೀಲಿನ ಪ್ರಯೋಗ ಎರಡು ವರ್ಷ ಕಾಯಿತು. ಸತ್ತ ಮೂಳೆಯಲ್ಲಿ ಮಲಗಿದ ಬ್ಯಾಕ್ಟೀರಿಯಾಗಳಿಗೆ ಈ ಗಡುವು ಗೊತ್ತಿಲ್ಲ. ಬಾಲ್ಯದಲ್ಲಿ ವಾಸಿಯಾದ ಕಾಲು 50 ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಕೀವು ಸುರಿಸಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಹಳೆಯ ಮೂಳೆ ಸೋಂಕನ್ನು ನೋಡುವ ಎಷ್ಟೋ ವೈದ್ಯರು ಕಡತದಲ್ಲಿ 'ಗುಣವಾಗಿದೆ' ಎಂದು ಬರೆಯುವುದಿಲ್ಲ. 'ಸದ್ಯಕ್ಕೆ ನಿಂತಿದೆ' ಎಂದು ಬರೆಯುತ್ತಾರೆ.